ಟಿವಿ ಸ್ಮಾರ್ಟೇ, ಮನೆಗೆ ನೆಟ್ ಬರಬೇಕಲ್ಲ!

ತಮಿಳುನಾಡು ಸರ್ಕಾರ 2006ರಲ್ಲಿ 14 ಇಂಚಿನ ಕಲರ್ ಟಿವಿ ಪುಕ್ಕಟೆ ಹಂಚಲು ತೊಡಗಿದಾಗ ಆಯ್ಕೆಯ ತಲೆನೋವೇ ಇರಲಿಲ್ಲ. ಕೊಟ್ಟದ್ದನ್ನು ಹೊತ್ತು ತಂದರಾಯಿತು. ಈಗ ಸ್ಮಾರ್ಟ್ ಟಿವಿ ಕೊಳ್ಳಲು ಹೊರಟರೆ ಅಂಗಡಿಯವರ ಮೊದಲ ಮಾತು, 'ಎಷ್ಟು ಇಂಚು ಬೇಕು ಸಾರ್?' ನಮ್ಮ ಜೀರಹಳ್ಳಿಯಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದೇ ಬೇರೆ.

ಕೊಳ್ಳುವ ಮುಂಚೆ ನಾನು ಟಿವಿ ಇಡುವ ಗೋಡೆಯ ಹತ್ತಿರ ನಿಂತು, ಸಂಜೆ ಹೊತ್ತಲ್ಲಿ ಮೊಬೈಲಿನಲ್ಲಿ ಸಿನಿಮಾ ಹಾಕಿ ನೋಡಿದೆ. ಚಿತ್ರಕ್ಕಿಂತ ಚಕ್ರ ಸುತ್ತಿದ್ದೇ ಹೆಚ್ಚು. ಜಗಲಿಗೆ ಬಂದರೆ ಸರಾಗ! ನೆಟ್ ನಿಂತರೆ ಸ್ಮಾರ್ಟ್ ಟಿವಿಯೂ ಬರೀ ಟಿವಿಯೇ. ಅದಕ್ಕೇ ಡಿಡಿ ಫ್ರೀ ಡಿಶ್ ಜೊತೆಗಿರಲಿ. ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತೆ, ಡಿಡಿ ತಮಿಳೂ ಬರುತ್ತೆ. ಕೆಲವು ಟಿವಿಗಳಲ್ಲಿ ಡಿಶ್ ಟ್ಯೂನರ್ ಒಳಗೇ ಇರುವುದರಿಂದ ಬಾಕ್ಸಿನ ಖರ್ಚು ಉಳಿಯುತ್ತೆ. ಕೇಳಿ ನೋಡಿ.

ಚಾಮರಾಜನಗರದಲ್ಲಿ ಕೊಳ್ಳೋದೋ, ಸತ್ಯಮಂಗಲದಲ್ಲೋ? ಜಿಎಸ್‌ಟಿ ಎರಡೂ ಕಡೆ ಒಂದೇ. 32 ಇಂಚಿಗಿಂತ ದೊಡ್ಡ ಟಿವಿಗೆ ಶೇ. 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಚಿಕ್ಕವಕ್ಕೆ ಮೊದಲೇ ಶೇ. 18 ಇತ್ತು. ಹಾಗಾಗಿ ತೆರಿಗೆ ಲೆಕ್ಕ ಬಿಟ್ಟು, 'ಕೆಟ್ಟರೆ ರಿಪೇರಿಗೆ ಜೀರಹಳ್ಳಿಗೇ ಬರ್ತೀರಾ?' ಅಂತ ಕೇಳಿ. ಹೂಂ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಟ್ಟ ಟಿವಿಯನ್ನು ದಿಂಬಂ ಘಾಟಿಯ 27 ತಿರುವು ಇಳಿಸುವುದು ಎಲೆಕೋಸಿನ ಮೂಟೆ ಇಳಿಸಿದಷ್ಟು ಸುಲಭವಲ್ಲ.

ನಾನು 43 ಇಂಚಿನ ಆಸೆ ಬಿಟ್ಟು 32 ತಂದೆ. ಅವ್ವನಿಗೆ ಚಂದನವಾಯ್ತು, ಮಕ್ಕಳಿಗೆ ನೆಟ್ ಬಂದಾಗ ಸಿನಿಮಾ. ಮಿಕ್ಕ ದುಡ್ಡು ಬಿತ್ತನೆ ಆಲೂಗಡ್ಡೆಗೆ ಒದಗಿತು.