ತಟ್ಟೆಯಲ್ಲಿ ಸೇವಂತಿಗೆ, ಹೊಟ್ಟೆಯಲ್ಲಿ ವಿಷ

2018ರ ಜನವರಿಯ ಒಂದು ದಿನ ಜಪಾನಿನ ಗಾಮಾಗೋರಿ ಪಟ್ಟಣದ ಧ್ವನಿವರ್ಧಕಗಳೆಲ್ಲ ಒಮ್ಮೆಲೇ ಗಂಟಲು ತೆರೆದವು. ಭೂಕಂಪದಂಥ ವಿಪತ್ತು ಬಂದಾಗ ಊರನ್ನು ಎಚ್ಚರಿಸಲೆಂದು ಹಾಕಿಸಿದ ಧ್ವನಿವರ್ಧಕಗಳು ಅವು. ಆದರೆ ಅಂದು ನೆಲ ನಡುಗಿರಲಿಲ್ಲ, ಕಡಲು ಉಕ್ಕಿರಲಿಲ್ಲ. ಊರಿನ ಒಂದು ಅಂಗಡಿಯಲ್ಲಿ ಐದು ಪೊಟ್ಟಣ ಮೀನು ಮಾರಾಟವಾಗಿತ್ತು, ಅಷ್ಟೆ. ಮಾರುವ ಮುನ್ನ ಅದರ ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು ತೆಗೆದಿರಲಿಲ್ಲ. ಮೂರು ಪೊಟ್ಟಣಗಳ ಪತ್ತೆ ಬೇಗನೆ ಹತ್ತಿತು. ಉಳಿದೆರಡು ಯಾರ ಮನೆಯ ಫ್ರಿಜ್ಜಿನಲ್ಲಿವೆ, ಯಾರ ಬಾಣಲೆಗೆ ಬಿದ್ದಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕೊಂಡವರು ದಯವಿಟ್ಟು ತಿನ್ನಬೇಡಿ ಎಂದು ಇಡೀ ಊರಿಗೇ ಸಾರಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಆ ಮೀನೇ ಫುಗು. ಜಪಾನೀಯರ ಚಳಿಗಾಲದ ಪರಮಾನ್ನ.

ಬೆದರಿಸಿದರೆ ಗಟಗಟ ನೀರು ಕುಡಿದು ಚೆಂಡಿನಂತೆ ಉಬ್ಬಿಕೊಳ್ಳುವ ಮೀನಿನ ಕುಲವೊಂದಿದೆ. ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಹಲ್ಲಿನ ಫಲಕಗಳು ಗಿಳಿಯ ಕೊಕ್ಕಿನಂತೆ ಕೂಡಿಕೊಂಡಿರುತ್ತವೆ. ನಮ್ಮ ಕರಾವಳಿಯ ಟ್ರಾಲರ್ ಬೋಟುಗಳ ಬಲೆಗೂ ಈ ಕುಲದ ಮೀನುಗಳು ಬೀಳುತ್ತವೆ. ಬಲೆಗೆ ಬಾಯಿ ಹಾಕಿ ಹರಿಯುವುದೂ ಉಂಟು. ಜಪಾನಿನಲ್ಲಿ ಇದೇ ಬಳಗದ ‘ತೊರಾಫುಗು’, ಅಂದರೆ ಹುಲಿ ಫುಗು, ಮೀನುಗಳಲ್ಲೆಲ್ಲ ಅತಿ ಪ್ರತಿಷ್ಠಿತವಾದದ್ದು. ಅದರ ಲಿವರ್ ಮತ್ತು ಅಂಡಾಶಯದಲ್ಲಿ ತುಂಬಿರುವ ವಿಷದ ಹೆಸರು ಟೆಟ್ರೊಡೊಟಾಕ್ಸಿನ್. ನಾಲ್ಕು ಹಲ್ಲಿನದು ಎಂಬ ಅರ್ಥದ ಕುಲನಾಮದಿಂದಲೇ ಹುಟ್ಟಿದ ಪದ. ಜಪಾನಿನ ವಿಜ್ಞಾನಿ ಯೋಶಿಜುಮಿ ತಹಾರಾ 1909ರಲ್ಲಿ ಇಟ್ಟ ಹೆಸರು ಇದು. ಒಬ್ಬ ಮನುಷ್ಯನನ್ನು ಮುಗಿಸಲು ಒಂದೆರಡು ಮಿಲಿಗ್ರಾಂ ಸಾಕು. ಕುದಿಸಿದರೂ ಹುರಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಇದಕ್ಕೆ ಮದ್ದು ಇಂದಿಗೂ ಇಲ್ಲ.

ಈ ವಿಷ ಕೆಲಸ ಮಾಡುವ ಬಗೆ ಭೀಕರ. ನಮ್ಮ ನರಗಳಲ್ಲಿ ಸಂದೇಶ ಹರಿಯಬೇಕಾದರೆ ನರಕೋಶದ ಗೋಡೆಯಲ್ಲಿರುವ ಪುಟ್ಟ ಕಿಂಡಿಗಳ ಮೂಲಕ ಸೋಡಿಯಂ ಒಳನುಗ್ಗಬೇಕು. ಈ ವಿಷದ ಅಣು ಆ ಕಿಂಡಿಯ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತದೆ. ತಿಂದ ಅರ್ಧ, ಮುಕ್ಕಾಲು ಗಂಟೆಯೊಳಗೆ ತುಟಿ, ನಾಲಿಗೆ ಜುಮುಗುಟ್ಟಲು ತೊಡಗುತ್ತದೆ. ಆಮೇಲೆ ಬೆರಳ ತುದಿ ಮರಗಟ್ಟುತ್ತದೆ, ವಾಂತಿಯಾಗುತ್ತದೆ, ಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಮುಷ್ಕರ ಹೂಡುತ್ತವೆ. ವಿಷ ಮೆದುಳನ್ನು ಮುಟ್ಟುವುದು ಕಷ್ಟವಾದ್ದರಿಂದ ರೋಗಿಗೆ ಬಹುಮಟ್ಟಿಗೆ ಪ್ರಜ್ಞೆ ಇರುತ್ತದೆ. ಸುತ್ತ ನಿಂತವರ ಅಳು ಕೇಳಿಸುತ್ತದೆ, ರೆಪ್ಪೆ ಅಲುಗಿಸಲೂ ಆಗುವುದಿಲ್ಲ. ವೈದ್ಯರು ಮಾಡಬಹುದಾದದ್ದು ಮುಖ್ಯವಾಗಿ ಒಂದೇ: ಯಂತ್ರದಿಂದ ಉಸಿರು ಊದುತ್ತ, ದೇಹ ತಾನಾಗಿ ವಿಷವನ್ನು ಹೊರಹಾಕುವವರೆಗೆ ಕಾಯುವುದು. ಒಂದು ಹಗಲು ಒಂದು ರಾತ್ರಿ ದಾಟಿದವರು ಸಾಮಾನ್ಯವಾಗಿ ಎದ್ದು ಮನೆಗೆ ಹೋಗುತ್ತಾರೆ.

ನಾವಿಕ ಜೇಮ್ಸ್ ಕುಕ್ 1774ರ ಸೆಪ್ಟೆಂಬರಿನಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದ ಬಳಿ ಇದೇ ಕುಲದ ಮೀನೊಂದರ ಲಿವರ್ ಮತ್ತು ತತ್ತಿಯನ್ನು ಸ್ವಲ್ಪವೇ ರುಚಿ ನೋಡಿದ. ನಸುಕಿನಲ್ಲಿ ಎಚ್ಚರವಾದಾಗ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ತುಂಬಿದ ನೀರಿನ ಪಾತ್ರೆಗೂ ಹಕ್ಕಿಯ ಗರಿಗೂ ಕೈಗೆ ಭಾರದ ವ್ಯತ್ಯಾಸವೇ ತಿಳಿಯದಾಗಿತ್ತಂತೆ. ಮೀನಿನ ಕರುಳು ತಿಂದ ಹಡಗಿನ ಹಂದಿ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಕುಕ್ ಬದುಕಿದ. ಅಂದು ಇನ್ನೆರಡು ತುತ್ತು ಹೆಚ್ಚು ಇಳಿದಿದ್ದರೆ ಪೆಸಿಫಿಕ್ ಸಾಗರದ ಭೂಪಟ ಬರೆಯುವ ಕೆಲಸ ಬೇರೆ ಯಾರದೋ ಪಾಲಾಗುತ್ತಿತ್ತು.

ಜಪಾನೀಯರಿಗೆ ಈ ವಿಷಯ ಕುಕ್‌ಗಿಂತ ಬಹಳ ಮೊದಲೇ ಗೊತ್ತಿತ್ತು. ಸಾವಿರಾರು ವರ್ಷ ಹಿಂದಿನ ಜೋಮೊನ್ ಕಾಲದ ಚಿಪ್ಪಿನ ತಿಪ್ಪೆಗಳಲ್ಲೇ ಫುಗುವಿನ ಮೂಳೆಗಳು ಸಿಕ್ಕಿವೆ. ಗೊತ್ತಿದ್ದೂ ತಿಂದರು, ಸತ್ತರು, ಮತ್ತೆ ತಿಂದರು. ಹದಿನಾರನೇ ಶತಮಾನದ ಕೊನೆಯಲ್ಲಿ ಕೊರಿಯಾದ ಮೇಲೆ ದಂಡೆತ್ತಿ ಹೊರಟ ತೊಯೊತೊಮಿ ಹಿದೆಯೋಶಿಯ ಸೈನಿಕರು ಹಡಗು ಹತ್ತುವ ಮೊದಲೇ ಫುಗು ತಿಂದು ಸಾಯತೊಡಗಿದಾಗ ಆತ ಅದನ್ನು ನಿಷೇಧಿಸಿದ. ಮುಂದೆ ಕೆಲವು ಸಂಸ್ಥಾನಗಳು ಸಮುರಾಯಿಗಳ ಬಾಯಿಗೆ ಇನ್ನೂ ಬಿಗಿಯಾದ ಬೀಗ ಹಾಕಿದವು. ಒಡೆಯನಿಗಾಗಿ ಕೊಡಬೇಕಾದ ಪ್ರಾಣವನ್ನು ಮೀನಿಗಾಗಿ ಕೊಡುವುದು ದ್ರೋಹ ಎಂಬುದು ಅವರ ವಾದ. ಬಡವರು ಮಾತ್ರ ಗುಟ್ಟಾಗಿ ತಿನ್ನುತ್ತಲೇ ಇದ್ದರು.

ನಿಷೇಧ ಮುರಿದದ್ದು ಒಬ್ಬ ಪ್ರಧಾನಿಯ ಹಸಿವಿನಿಂದ. 1888ರ ಸುಮಾರಿಗೆ ಇತೊ ಹಿರೊಬುಮಿ ಶಿಮೊನೊಸೆಕಿ ಪಟ್ಟಣದ ಶುನ್‌ಪಾನ್ರೊ ಎಂಬ ಛತ್ರದಂಥ ಹೋಟೆಲಿನಲ್ಲಿ ತಂಗಿದ್ದ. ಕಡಲು ಅಬ್ಬರಿಸುತ್ತಿತ್ತು, ಮೀನಿರಲಿಲ್ಲ. ಹೋಟೆಲಿನ ಒಡತಿ ಶಿಕ್ಷೆಯಾದರೆ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿ ನಿಷಿದ್ಧ ಫುಗುವನ್ನೇ ಬಡಿಸಿದಳಂತೆ. ಇತೊ ಚಪ್ಪರಿಸಿ ತಿಂದ. ಯಮಗುಚಿ ಪ್ರಾಂತದಲ್ಲಿ ಫುಗು ಕಾನೂನುಬದ್ಧವಾಯಿತು. 1895ರಲ್ಲಿ ಚೀನಾ ಮತ್ತು ಜಪಾನ್ ಯುದ್ಧ ಮುಗಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದೂ ಇದೇ ಶುನ್‌ಪಾನ್ರೊದಲ್ಲಿ.

ಇಂದಿಗೂ ಶಿಮೊನೊಸೆಕಿಯೇ ಫುಗುವಿನ ರಾಜಧಾನಿ. ಅಲ್ಲಿನವರು ಅದನ್ನು ‘ಫುಕು’ ಎನ್ನುತ್ತಾರೆ, ಅಂದರೆ ಅದೃಷ್ಟ! ಒಸಾಕಾದವರಿಗೆ ಅದು ‘ತೆಪ್ಪೊ’, ಬಂದೂಕು. ತಾಗಿದರೆ ಸತ್ತಂತೆ. ಶಿಮೊನೊಸೆಕಿಯ ಹೈದೊಮಾರಿ ಮಾರುಕಟ್ಟೆಯ ಹರಾಜಿನಲ್ಲಿ ಬಟ್ಟೆಯ ಚೀಲದೊಳಗೆ ಕೈತೂರಿಸಿ, ಹರಾಜುಗಾರನ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯಿದೆ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಸುಕಿ ವ್ಯಾಪಾರ ಕುದುರಿಸುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲಿವರ್ ಬೇಡಿದ ನಟ

ಅಷ್ಟಕ್ಕೂ ಈ ಮೀನಿನಲ್ಲಿ ಅಂಥದ್ದೇನಿದೆ? ರುಚಿ ಎಂದು ನಂಬಿ ಹೋದವರಿಗೆ ಮೊದಲ ತುತ್ತು ನಿರಾಸೆಯೇ. ಬಿಳಿ ಮಾಂಸ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ರಬ್ಬರಿನಂಥ ಬಿಗಿ. ಅದಕ್ಕೇ ಅದನ್ನು ಹೋಳು ಎನ್ನಲಾಗದಷ್ಟು ತೆಳುವಾಗಿ, ಕೆಳಗಿನ ತಟ್ಟೆಯ ಚಿತ್ತಾರ ಕಾಣುವಂತೆ ಕೊಯ್ದು, ಎಸಳು ಎಸಳಾಗಿ ಸೇವಂತಿಗೆಯಂತೆ ಜೋಡಿಸುತ್ತಾರೆ. ಸೇವಂತಿಗೆ ಆ ನಾಡಿನಲ್ಲಿ ರಾಜಮನೆತನದ ಲಾಂಛನ, ಶವಸಂಸ್ಕಾರದ ಹೂವೂ ಹೌದು. ಹುಳಿಹಣ್ಣಿನ ರಸ ಬೆರೆಸಿದ ಸೋಯಾ ಸಾರಿನಲ್ಲಿ ಅದ್ದಿ ನಿಧಾನವಾಗಿ ಅಗಿದರೆ ನವಿರಾದ ಸಿಹಿಯೊಂದು ಬಿಡುತ್ತದೆ ಎನ್ನುತ್ತಾರೆ ಬಲ್ಲವರು. ಉಳಿದ ಮೂಳೆ, ಮಾಂಸ ತರಕಾರಿಯೊಂದಿಗೆ ಕುದಿಯುವ ಮಡಕೆಗೆ. ಸುಟ್ಟ ಈಜುರೆಕ್ಕೆ ಬಿಸಿ ಸಾಕೆ ಮದ್ಯಕ್ಕೆ. ಗಂಡು ಮೀನಿನ ವೀರ್ಯಕೋಶವಂತೂ ಬೆಣ್ಣೆಯಂತೆ ಕರಗುತ್ತದಂತೆ. ಹುಲಿ ಫುಗುವಿನಲ್ಲಿ ಅದಕ್ಕೆ ವಿಷವಿಲ್ಲ.

ತುಟಿ ಕೊಂಚ ಜುಮ್ಮೆನ್ನಬೇಕು, ಅದೇ ಫುಗುವಿನ ಗಮ್ಮತ್ತು ಎಂಬ ಮಾತು ಎಲ್ಲೆಡೆ ಹಬ್ಬಿದೆ. ಸರಿಯಾಗಿ ಶುಚಿ ಮಾಡಿದ ಮಾಂಸ ತಿಂದರೆ ಏನೂ ಜುಮ್ಮೆನ್ನಬಾರದು. ಜುಮ್ಮೆಂದರೆ ಬಾಣಸಿಗನ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಆ ಜುಮ್ಮಿಗೆ ಮರುಳಾದವರು ಇಲ್ಲವೆಂದಲ್ಲ. ಎಂಟನೆಯ ಬಂದೊ ಮಿತ್ಸುಗೊರೊ ಕಾಬುಕಿ ರಂಗಭೂಮಿಯ ಮೇರುನಟ. ಸರ್ಕಾರ ‘ಜೀವಂತ ರಾಷ್ಟ್ರನಿಧಿ’ ಎಂದು ಗೌರವಿಸಿದ್ದ ಕಲಾವಿದ. 1975ರ ಜನವರಿಯಲ್ಲಿ ಕ್ಯೋಟೊ ನಗರದ ಹೋಟೆಲೊಂದರಲ್ಲಿ ಅವರು ಫುಗುವಿನ ಲಿವರನ್ನೇ ಕೇಳಿದರು. ಅಷ್ಟು ದೊಡ್ಡ ಅತಿಥಿಗೆ ಇಲ್ಲ ಎನ್ನುವುದು ಹೇಗೆ? ಬಾಣಸಿಗ ಕೊಟ್ಟ. ಜೊತೆಯವರು ಹಿಂಜರಿದು ಬಿಟ್ಟದ್ದನ್ನೂ ಸೇರಿಸಿ ನಾಲ್ಕು ಪಾಲು ತಿಂದರಂತೆ. ಬೆಳಗಿನ ಹೊತ್ತಿಗೆ ರಾಷ್ಟ್ರನಿಧಿ ಜೀವಂತವಾಗಿರಲಿಲ್ಲ. ಅವರಿಗೆ 68 ವರ್ಷ. ಮರ್ಯಾದೆಗೆ ಅಂಜಿ ಬಾಣಸಿಗ ಆಡದೇ ಉಳಿದ ಒಂದು ‘ಇಲ್ಲ’ದ ಬೆಲೆ ಅದು. ದೇಶಕ್ಕೆಲ್ಲ ಅನ್ವಯಿಸುವಂತೆ ಫುಗು ಲಿವರ್ ಬಡಿಸುವುದನ್ನು ನಿಷೇಧಿಸಿದ್ದು 1983ರಲ್ಲಿ. ಎಂಟು ವರ್ಷ ಏಕೆ ಬೇಕಾಯಿತೋ!

ಚಾಕು ಹಿಡಿಯುವವರ ಮೇಲಿನ ನಿಯಂತ್ರಣ ಅದಕ್ಕಿಂತ ಹಳೆಯದು. ಟೋಕಿಯೊ 1949ರಲ್ಲೇ ಲೈಸೆನ್ಸ್ ಕಡ್ಡಾಯ ಮಾಡಿತು. ವರ್ಷಗಟ್ಟಲೆ ಗುರುವಿನ ಅಡುಗೆಮನೆಯಲ್ಲಿ ಮಣ್ಣು ಹೊತ್ತ ಮೇಲೆ ಪರೀಕ್ಷೆ. ಲಿಖಿತ ಪ್ರಶ್ನೆಗಳ ಜೊತೆಗೆ ರಾಶಿ ಹಾಕಿದ ಮೀನುಗಳಲ್ಲಿ ಯಾವುದು ಯಾವ ಜಾತಿ ಎಂದು ಗುರುತಿಸಬೇಕು. ಗಡಿಯಾರ ಓಡುತ್ತಿರುವಾಗಲೇ ಮೀನು ಬಿಡಿಸಿ, ತಿನ್ನುವ ಭಾಗ ಇದು, ಕೊಲ್ಲುವ ಭಾಗ ಇದು ಎಂದು ಚೀಟಿ ಹಚ್ಚಿಡಬೇಕು. ಹೋಟೆಲುಗಳಲ್ಲಿ ವಿಷದ ಅಂಗಾಂಗಗಳನ್ನು ಬೀಗವಿರುವ ಡಬ್ಬಿಯಲ್ಲಿಟ್ಟು ವಿಲೇವಾರಿ ಮಾಡಬೇಕು. ತಿಪ್ಪೆಗೆ ಎಸೆಯುವಂತಿಲ್ಲ.

ಫಲ ಸಿಕ್ಕಿದೆ. 1958ರಲ್ಲಿ ಫುಗು ತಿಂದು 176 ಜನ ಸತ್ತಿದ್ದರು. 1996ರಿಂದ 2006ರವರೆಗೆ ದೇಶದಲ್ಲಿ ವರ್ಷಕ್ಕೆ 20ರಿಂದ 44 ವಿಷಪ್ರಕರಣಗಳಾದವು, ಸತ್ತವರು ಯಾವ ವರ್ಷವೂ ಆರನ್ನು ಮೀರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಹೋಟೆಲಿನ ಗಿರಾಕಿಗಳಲ್ಲ. ತಾವೇ ಗಾಳ ಹಾಕಿ ಹಿಡಿದು, ಮನೆಯ ಚಾಕುವಿನಲ್ಲೇ ಕೊಯ್ದುಕೊಂಡ ಹವ್ಯಾಸಿಗಳು. ನಮಗೇನು ಗೊತ್ತಿಲ್ಲವೇ ಎನ್ನುವ ಜಾಯಮಾನ ಯಾವ ದೇಶದಲ್ಲಿಲ್ಲ?

ವಿಷವಿಲ್ಲದ ಫುಗು

ಈಗಿನ ಚರ್ಚೆ ಬೇರೆಯೇ. ಈ ವಿಷ ಮೀನಿನ ಸ್ವಂತ ಸಂಪಾದನೆಯಲ್ಲ. ಕಡಲಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿ, ನಕ್ಷತ್ರಮೀನು, ಶಂಖದ ಹುಳುಗಳ ಮೂಲಕ ಅದರ ಹೊಟ್ಟೆ ಸೇರುತ್ತದೆ. ಫುಗುವಿನ ನರಗಳ ಕಿಂಡಿ ಒಂಚೂರು ಬದಲಾಗಿರುವುದರಿಂದ ಬಿರಡೆ ಅಲ್ಲಿ ಕೂರುವುದಿಲ್ಲ, ಅದಕ್ಕೇ ಮೀನು ಹಾಯಾಗಿದೆ. ಹಾಗಾದರೆ ವಿಷದ ಊಟವನ್ನೇ ಕೊಡದಿದ್ದರೆ? ನಾಗಸಾಕಿ ವಿಶ್ವವಿದ್ಯಾಲಯದ ತಮಾವೊ ನೊಗುಚಿ ಮತ್ತು ಸಂಗಡಿಗರು 2001ರಿಂದ 2004ರವರೆಗೆ ಸಾಕಣೆಯ 4,800ಕ್ಕೂ ಹೆಚ್ಚು ಫುಗುಗಳನ್ನು ಪರೀಕ್ಷಿಸಿದರು. ಒಂದರಲ್ಲೂ ವಿಷ ಸಿಗಲಿಲ್ಲ. ಸಾಗಾ ಪ್ರಾಂತದವರು ಇಂಥ ಮೀನಿನ ಲಿವರ್ ಬಡಿಸಲು ಅನುಮತಿ ಕೇಳಿದರು. 2005ರಲ್ಲಿ, ಮತ್ತೆ 2017ರಲ್ಲಿ, ಆಹಾರ ಸುರಕ್ಷತಾ ಆಯೋಗ ಸುರಕ್ಷಿತವೆಂದು ಖಾತರಿ ಕೊಡಲಾಗದು ಎಂದಿತು. ಆಯೋಗದ ಎಚ್ಚರಿಕೆ ಅರ್ಥವಾಗುವಂಥದ್ದೇ. ಶಿಮೊನೊಸೆಕಿಯ ವ್ಯಾಪಾರಿಗಳೂ ಇದನ್ನು ವಿರೋಧಿಸಿದರು. ಲಿವರ್ ನಿರಪಾಯಕಾರಿ ಎಂಬ ಸುದ್ದಿ ಹಬ್ಬಿದರೆ ಜನ ಕಾಡುಮೀನಿನದನ್ನೂ ತಿಂದು ಸತ್ತಾರು ಎಂಬುದು ಅವರು ಕೊಟ್ಟ ಕಾರಣ. ಅಪಾಯವೇ ಹೋದರೆ ಲೈಸೆನ್ಸು, ಗುರುಕುಲ, ದುಬಾರಿ ಬಿಲ್ಲು ಇವೆಲ್ಲ ಯಾವ ಪುರುಷಾರ್ಥಕ್ಕೆ ಎಂಬ ಅಳುಕು ಅದರ ಹಿಂದೆ ಇರಲಾರದೆಂದು ಹೇಳುವುದು ಕಷ್ಟ.

ತಮಾಷೆಯೆಂದರೆ, ಅತಿ ವಿಷದ ಅಂಡಾಶಯವನ್ನೇ ಮಾರುವ ಊರೂ ಉಂಟು. ಇಶಿಕಾವಾ ಪ್ರಾಂತದ ಮಿಕಾವಾದಲ್ಲಿ ಅದನ್ನು ಮೊದಲು ಉಪ್ಪಿನಲ್ಲಿ, ಆಮೇಲೆ ಅಕ್ಕಿಯ ತೌಡಿನಲ್ಲಿ ಹೂತು ಎರಡು ಮೂರು ವರ್ಷ ಬಿಡುತ್ತಾರೆ. ಅಷ್ಟರಲ್ಲಿ ವಿಷ ತಿನ್ನುವ ಮಟ್ಟಕ್ಕೆ ಇಳಿದಿರುತ್ತದೆ. ಪರೀಕ್ಷೆಯಲ್ಲಿ ಪಾಸಾದ ಉಪ್ಪಿನಕಾಯಿ ಮಾತ್ರ ಅಂಗಡಿಗೆ. ಹೀಗೆ ಮಾಡಬಹುದೆಂದು ಮೊದಲು ತಿಂದು ನೋಡಿದ ಪುಣ್ಯಾತ್ಮ ಯಾರೋ!

ಇತ್ತ ಕಡಲೇ ಬದಲಾಗುತ್ತಿದೆ. ನೀರು ಬಿಸಿಯಾದಂತೆ ಫುಗುವಿನ ಜಾತಿಗಳು ತಮ್ಮ ತವರು ಬಿಟ್ಟು ಉತ್ತರಕ್ಕೆ ಸರಿದು, ಅಲ್ಲಿನ ಜಾತಿಗಳೊಂದಿಗೆ ಕೂಡಿ ಮಿಶ್ರತಳಿ ಹುಟ್ಟಿಸುತ್ತಿವೆ. ಶಿಮೊನೊಸೆಕಿಯ ಮೀನುಗಾರಿಕಾ ವಿಶ್ವವಿದ್ಯಾಲಯದ ಹಿರೋಶಿ ತಕಹಾಶಿ ಈಶಾನ್ಯ ತೀರದ ಬಲೆಗಳಲ್ಲಿ ಅಂಥವನ್ನು 2012ರಿಂದ ಹೆಚ್ಚು ಹೆಚ್ಚಾಗಿ ಕಾಣತೊಡಗಿದರು. ವಿಷ ಯಾವ ಅಂಗದಲ್ಲಿರುತ್ತದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. ಒಂದರ ಚರ್ಮ ತಿನ್ನಬಹುದು, ಇನ್ನೊಂದರದು ತಿನ್ನುವಂತಿಲ್ಲ. ಮಿಶ್ರತಳಿಯಲ್ಲಿ ಹೇಗೋ ಯಾರಿಗೆ ಗೊತ್ತು? ಆದ್ದರಿಂದ ಜಾತಿ ತಿಳಿಯದ ಫುಗುವನ್ನು ಮಾರುವಂತಿಲ್ಲ. ಬೆನ್ನಿನ ಚುಕ್ಕೆ, ರೆಕ್ಕೆಯ ಬಣ್ಣ, ಚರ್ಮದ ಪುಟ್ಟ ಮುಳ್ಳುಗಳನ್ನು ಬೆರಳಿನಲ್ಲಿ ಸವರಿ ನೋಡಿ ಮೀನು ಬೇರ್ಪಡಿಸುವ ಬಂದರಿನ ಅನುಭವಸ್ಥರೂ ಬುಟ್ಟಿಯ ಮುಂದೆ ತಡೆದು ನಿಲ್ಲುತ್ತಾರೆ. ಅನುಮಾನ ಬಂದ ಮೀನನ್ನು ಬೇರೆ ಪೆಟ್ಟಿಗೆಗೆ ಹಾಕುತ್ತಾರೆ.