ಟ್ರಾಮಿಗೆ ಹೆದರಿ ಕಡಲು ದಾಟಿದ ಕಾಂತಸೂಜಿ

ಅಲಿಬಾಗ್‌ನಲ್ಲಿ ಏನಿದೆ ಎಂದು ಮುಂಬಯಿಯವರನ್ನು ಕೇಳಿ ನೋಡಿ. ಕಡಲ ನಡುವಿನ ಕೋಟೆ, ಕುದುರೆಗಾಡಿ, ಹುರಿದ ಬಂಗುಡೆ, ಯಾವ ಸಿನಿಮಾ ನಟನ ಬಂಗಲೆ ಎಲ್ಲಿದೆ ಎಂಬ ಗಾಳಿಸುದ್ದಿ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಊರಿನ ಬೀಚಿನ ಅಂಚಿನಲ್ಲೇ ಕಬ್ಬಿಣದ ಸೋಂಕಿಲ್ಲದೆ ಕಟ್ಟಿದ ಕಟ್ಟಡವೊಂದಿದೆ ಎಂದು ಹೇಳುವವರು ಅಪರೂಪ. ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಆ ವೀಕ್ಷಣಾಲಯ ಮುಂಬಯಿ ಬಿಟ್ಟು ಇಲ್ಲಿಗೆ ಓಡಿಬಂದದ್ದು ಟ್ರಾಮಿನ ಕಾಟಕ್ಕೆ ಎಂಬುದಂತೂ ಮೋಜಿಗೆ ಬಂದವರ ಕಿವಿಗೆ ಬೀಳುವುದೇ ಇಲ್ಲ. ನನ್ನ ಕಿವಿಗೆ ಬಿದ್ದದ್ದೂ ಆಕಸ್ಮಿಕವಾಗಿಯೇ. ಅಂದಿನಿಂದ ಈ ಕರಾವಳಿಯ ಇತಿಹಾಸವೆಲ್ಲ ನನಗೆ ಆ ಸೂಜಿಯ ಸುತ್ತಲೇ ತಿರುಗತೊಡಗಿದೆ.

ಕಥೆ ಶುರುವಾಗುವುದು ಮುಂಬಯಿಯ ಕೊಲಾಬಾದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಅಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿತು. ಬಂದರಿಗೆ ಬರುವ ಹಡಗುಗಳಿಗೆ ಸರಿಯಾದ ವೇಳೆ ಬೇಕಿತ್ತು, ವೇಳೆಗೆ ನಕ್ಷತ್ರಗಳ ಲೆಕ್ಕ ಬೇಕಿತ್ತು. 1841ರಿಂದ ಅಲ್ಲಿ ಕಾಂತಸೂಜಿಯ ಓಲಾಟವನ್ನೂ ಬರೆದಿಡತೊಡಗಿದರು. ದಿಕ್ಸೂಚಿಯನ್ನೇ ನಂಬಿ ಸಾಗರ ದಾಟುತ್ತಿದ್ದವರಿಗೆ ಸೂಜಿ ನಿಜವಾದ ಉತ್ತರದಿಂದ ಎಷ್ಟು ವಾಲುತ್ತದೆ, ಆ ವಾಲುವಿಕೆ ವರ್ಷದಿಂದ ವರ್ಷಕ್ಕೆ ಎಷ್ಟು ಬದಲಾಗುತ್ತದೆ ಎಂಬುದು ಜೀವನ್ಮರಣದ ಪ್ರಶ್ನೆಯಾಗಿತ್ತು.

ಅಲ್ಲಿನ ಕೆಲಸದಲ್ಲಿ ರೋಚಕವಾದದ್ದೇನೂ ಇರಲಿಲ್ಲ. ಗಂಟೆಗೊಮ್ಮೆ ಮಾಪಕಕ್ಕೆ ಕಣ್ಣಿಟ್ಟು ಅಂಕಿ ಬರೆದುಕೊಳ್ಳುವುದು, ಮತ್ತೆ ಗಂಟೆ ಕಾಯುವುದು. ಸೂಜಿ ಅಸ್ತವ್ಯಸ್ತವಾಗಿ ಕುಣಿದರೆ ಮಾತ್ರ ಕೆಲವು ನಿಮಿಷಕ್ಕೊಮ್ಮೆ ಬರೆಯುವುದು. ಈ ಗುಮಾಸ್ತಿಕೆಗೆ ಫಲ ಸಿಕ್ಕಿದ್ದು 1859ರ ಸೆಪ್ಟೆಂಬರಿನಲ್ಲಿ. ಆ ತಿಂಗಳ 1ರಂದು ಇಂಗ್ಲೆಂಡಿನ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಭಾರಿ ಮಿಂಚನ್ನು ಕಂಡರು. ಸುಮಾರು ಹದಿನೇಳೂವರೆ ಗಂಟೆ ಕಳೆಯುವಷ್ಟರಲ್ಲಿ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಯೂರೋಪು, ಅಮೆರಿಕದ ಟೆಲಿಗ್ರಾಫ್ ಕಚೇರಿಗಳಲ್ಲಿ ತಂತಿಗಳಿಂದ ಕಿಡಿ ಹಾರಿತು. ಉತ್ತರದ ಹಲವು ವೀಕ್ಷಣಾಲಯಗಳಲ್ಲಿ ಸೂಜಿ ಅಳತೆಯ ಎಲ್ಲೆಯನ್ನೇ ಮೀರಿತು. ಸಮಭಾಜಕದತ್ತ ಇದ್ದ ಕೊಲಾಬಾದಲ್ಲಿ ಸೂಜಿ ಎಷ್ಟೇ ಕುಣಿದರೂ ಅಳತೆಗೆ ಸಿಕ್ಕಿತು. ಅಲ್ಲಿನವರು ಬಿಡದೆ ಬರೆದುಕೊಂಡರು. ಆ ಪುಟಗಳ ಪ್ರಕಾರ ಕಾಂತಕ್ಷೇತ್ರದ ಸಮತಲ ಬಲ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದಿತ್ತು. 1989ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಒಂಬತ್ತು ಗಂಟೆ ಕತ್ತಲಲ್ಲಿಟ್ಟ ಸೌರ ಬಿರುಗಾಳಿಯ ತೀವ್ರತೆಯನ್ನು ಸುಮಾರು 590 ಎಂದು ಲೆಕ್ಕ ಹಾಕುತ್ತಾರೆ. ಕೊಲಾಬಾದ ಅಂಕಿಗಳ ನಿಜವಾದ ಬೆಲೆ ಜಗತ್ತಿಗೆ ತಿಳಿದದ್ದು 2003ರಲ್ಲಿ, ಅಮೆರಿಕ, ಬ್ರೆಜಿಲ್ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಅವನ್ನು ಮತ್ತೆ ತೆರೆದು ಪ್ರಬಂಧ ಬರೆದಾಗ.

ಅದೇ 1859ರಲ್ಲಿ ಹುಟ್ಟಿದ ಪಾರ್ಸಿಯೊಬ್ಬರು ಮುಂದೆ ಆ ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕರಾದರು. ಹೆಸರು ನಾನಾಭಾಯ್ ಅರ್ದೇಶಿರ್ ಮೂಸ್. ಎಡಿನ್‌ಬರೋದಲ್ಲಿ ಓದಿ ಬಂದವರು. ಅಧಿಕಾರ ವಹಿಸಿಕೊಂಡದ್ದು 1896ರಲ್ಲಿ, ಮುಂಬಯಿಗೆ ಪ್ಲೇಗ್ ಬಡಿದ ವರ್ಷದಲ್ಲಿ. ಗಲ್ಲಿಗಳಲ್ಲಿ ಒತ್ತಿಕೊಂಡಿದ್ದ ನಗರ ಉಸಿರಾಡಲು ಜಾಗ ಹುಡುಕುತ್ತಿತ್ತು. ಜನ ದೂರ ವಾಸಿಸಬೇಕಾದರೆ ಬೇಗ ಕೆಲಸಕ್ಕೆ ಬರಲು ವಾಹನ ಬೇಕು. 1874ರಿಂದ ಓಡುತ್ತಿದ್ದ ಕುದುರೆ ಟ್ರಾಮಿನಿಂದ ಕಾಂತಸೂಜಿಗೆ ಯಾವ ತೊಂದರೆಯೂ ಇರಲಿಲ್ಲ. ಅದರ ಮೊದಲ ದಾರಿಗಳಲ್ಲೊಂದು ಹೊರಡುತ್ತಿದ್ದದ್ದೇ ಕೊಲಾಬಾದಿಂದ. ಆದರೆ ಕುದುರೆ ಬಿಚ್ಚಿ ವಿದ್ಯುತ್ ಹೂಡುವ ಮಾತು ಬಂದಾಗ ಮೂಸ್ ಅವರ ನಿದ್ದೆ ಕೆಟ್ಟಿರಬೇಕು.

ಕಾರಣ ಸರಳ. ಟ್ರಾಮಿಗೆ ಮೇಲಿನ ತಂತಿಯಿಂದ ಇಳಿಯುವ ನೇರ ವಿದ್ಯುತ್ತು ಹಳಿಗಳ ಮೂಲಕ ಮರಳಬೇಕು. ಹಳಿ ನೆಲದ ಮೇಲೆ ಮಲಗಿರುವುದರಿಂದ ಒಂದು ಪಾಲು ಮಣ್ಣಿಗೆ ಸೋರುತ್ತದೆ. ಸೋರಿದ ವಿದ್ಯುತ್ತು ಎತ್ತ ಹರಿದರೂ ತನ್ನ ಸುತ್ತ ಕಾಂತಕ್ಷೇತ್ರ ಎಬ್ಬಿಸುತ್ತದೆ. ಪ್ರತಿ ಟ್ರಾಮು ನಿಂತಾಗ, ಹೊರಟಾಗ ಸೂಜಿ ಬೆಚ್ಚುತ್ತದೆ. ಸೂರ್ಯನ ಸುದ್ದಿ ಹೇಳಬೇಕಾದ ಸೂಜಿ ಟ್ರಾಮಿನ ವೇಳಾಪಟ್ಟಿ ಒಪ್ಪಿಸತೊಡಗಿದರೆ ಅರವತ್ತು ವರ್ಷಗಳ ದಾಖಲೆಯ ಎಳೆ ಅಲ್ಲಿಗೆ ಕಡಿಯಿತು. ಮುಂಬಯಿಯೊಂದರ ಪಾಡೇನೂ ಇದಾಗಿರಲಿಲ್ಲ. ಕೆನಡಾದ ಟೊರಾಂಟೊ ವೀಕ್ಷಣಾಲಯ ಇದೇ ಕಾಟಕ್ಕೆ 1898ರಲ್ಲಿ ಊರಾಚೆ ಹೋಗಿತ್ತು. ಲಂಡನ್ನಿನ ಕ್ಯೂ ವೀಕ್ಷಣಾಲಯದ ಕಾಂತಮಾಪನ 1908ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ಬೆಟ್ಟದೂರಿಗೆ ಗುಳೆ ಹೋಯಿತು. ಆ ಕಾಲದ ದೊಡ್ಡ ನಗರಗಳಲ್ಲಿ ಟ್ರಾಮಿಗೂ ಸೂಜಿಗೂ ಜಗಳ ಬಿದ್ದಲ್ಲೆಲ್ಲ ಗೆದ್ದದ್ದು ಟ್ರಾಮೇ.

ಮುಂಬಯಿಯ ಸೂಜಿಗೆ ಸಿಕ್ಕ ಆಶ್ರಯ ಅಲಿಬಾಗ್. ಕೊಲ್ಲಿಯ ಆಚೆ ದಡದಲ್ಲಿ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಕೊಲಾಬಾದ ಅಂಕಿಗಳ ಜೊತೆ ತಾಳೆ ನೋಡುವಷ್ಟು ಹತ್ತಿರ, ಸೋರುವ ವಿದ್ಯುತ್ತು ತಟ್ಟದಷ್ಟು ದೂರ. ರೈಲಿಲ್ಲ, ಗಿರಣಿಗಳ ಸಾಲಿಲ್ಲ. 1904ರಲ್ಲಿ ಅಲ್ಲಿ ಕಟ್ಟಡ ಎದ್ದಿತು. ಕಲ್ಲು ಪೋರಬಂದರಿನ ಮರಳುಗಲ್ಲು. ಅದರಲ್ಲಿ ಕಾಂತಗುಣವಿಲ್ಲ ಎಂದು ಪರೀಕ್ಷಿಸಿ ತಂದದ್ದು. ಸುತ್ತಮುತ್ತ ಸಿಗುವ ಕಪ್ಪುಕಲ್ಲು ಅಗ್ಗವಾಗಿದ್ದರೂ ನಡೆಯುವಂತಿರಲಿಲ್ಲ. ಸಹ್ಯಾದ್ರಿಯ ಆ ಲಾವಾ ಶಿಲೆಯಲ್ಲೇ ಕಬ್ಬಿಣದ ಅಂಶವಿದೆ. ಇಂಥ ಕಟ್ಟಡದ ಮೊಳೆ, ತಿರುಗಣೆ, ಚಿಲಕ ಎಲ್ಲ ಹಿತ್ತಾಳೆ-ತಾಮ್ರದ್ದಾಗಬೇಕು. ಮಾಪನಕ್ಕೆ ಒಳಹೋಗುವವರು ಜೇಬಿನ ಚಾಕು, ಬೀಗದ ಕೈ ಹೊರಗಿಟ್ಟೇ ಹೋಗಬೇಕು, ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ.

ನನಗೆ ಮೂಸ್ ಹಿಡಿಸುವುದು ಮುಂದಿನ ಹೆಜ್ಜೆಗಾಗಿ. ಹೊಸ ಕಟ್ಟಡ ಸಿದ್ಧವಾಯಿತೆಂದು ಅವರು ಹಳೆಯದಕ್ಕೆ ಬೀಗ ಜಡಿಯಲಿಲ್ಲ. 1904ರಿಂದ 1906ರವರೆಗೆ ಎರಡು ವರ್ಷ ಎರಡೂ ದಡಗಳಲ್ಲಿ ಏಕಕಾಲಕ್ಕೆ ಅಳತೆ ನಡೆಯಿತು. ಎರಡೂ ಕಡೆಯ ಅಂಕಿಗಳ ನಡುವಿನ ವ್ಯತ್ಯಾಸ ಗೊತ್ತಾದರೆ ಕೊಲಾಬಾದ ಹಳೆಯ ಸರಣಿಯನ್ನು ಅಲಿಬಾಗ್‌ನ ಹೊಸ ಸರಣಿಗೆ ಬೆಸೆಯಬಹುದು. ಆ ಬೆಸುಗೆ ಬಿಗಿಯಾದ ಮೇಲೆಯೇ ಕೊಲಾಬಾದ ಕಾಂತಮಾಪಕಗಳು ನಿಂತವು. 1907ರ ಮೇ 7ರಂದು ಮುಂಬಯಿಯಲ್ಲಿ ವಿದ್ಯುತ್ ಟ್ರಾಮು ಓಡಿತು. 1910ರಲ್ಲಿ ಮೂಸ್ 1846ರಿಂದ 1905ರವರೆಗಿನ ಅರವತ್ತು ವರ್ಷಗಳ ಅಂಕಿಗಳನ್ನು ವಿಶ್ಲೇಷಣೆಯೊಂದಿಗೆ ಎರಡು ದಪ್ಪ ಸಂಪುಟಗಳಲ್ಲಿ ಹೊರತಂದರು. ಭೂಕಾಂತತ್ವ ಓದುವವರು ಇಂದಿಗೂ ಆ ಸಂಪುಟಗಳ ಹೆಸರು ಹೇಳುತ್ತಾರೆ. ಜಗತ್ತಿನ ಅತಿ ದೀರ್ಘ ಕಾಂತದಾಖಲೆಗಳ ಸಾಲಿನಲ್ಲಿ ಕೊಲಾಬಾ-ಅಲಿಬಾಗ್ ಜೋಡಿ ನಿಂತಿರುವುದು ಈ ಎರಡು ವರ್ಷಗಳ ತಾಳ್ಮೆಯಿಂದ.

ಇನ್ನು ಟ್ರಾಮಿನ ಗತಿ ಏನಾಯಿತು? 1964ರ ಮಾರ್ಚ್ 31ರ ರಾತ್ರಿ ಮುಂಬಯಿಯ ಕೊನೆಯ ಟ್ರಾಮು ಓಡಿತು. ಸೂಜಿಯನ್ನು ಓಡಿಸಿದ್ದು 57 ವರ್ಷಕ್ಕೆ ತಾನೇ ಗುಜರಿ ಸೇರಿತು. ಸೂಜಿಗೆ ಮಾತ್ರ ಮರಳುವ ದಾರಿ ಇರಲಿಲ್ಲ. 1925ರಿಂದಲೇ ನಗರದಲ್ಲಿ ವಿದ್ಯುತ್ ರೈಲು ಬಂದಿತ್ತು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಭೂಕಾಂತತ್ವ ಸಂಸ್ಥೆಯ ಆಶ್ರಯದಲ್ಲಿ ಅಲಿಬಾಗ್‌ನ ಮಾಪನ ಇಂದಿಗೂ ನಡೆದಿದೆ.

ಈ ಸೂಜಿಯನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿನ ಬೀಚುಗಳನ್ನು ಸುತ್ತಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಮುಂಬಯಿಗೆ ಬೇಡವಾದದ್ದು, ಅಲ್ಲಿ ನಿಲ್ಲಲಾಗದ್ದು ಈ ದಡಕ್ಕೆ ಬಂದು ದೊಡ್ಡದಾಗಿದೆ.

ಉತ್ತರದ ಕಿಹಿಮ್ ನೋಡಿ. 1930ರಲ್ಲಿ ಸಲೀಂ ಅಲಿ ಬರ್ಲಿನ್ನಿನಲ್ಲಿ ಪಕ್ಷಿಶಾಸ್ತ್ರ ಕಲಿತು ಮರಳಿದಾಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಹುದ್ದೆಯೇ ಇರಲಿಲ್ಲ, ಹಣವಿಲ್ಲವೆಂದು ಕಿತ್ತುಹಾಕಿದ್ದರು. ನಗರದ ಖರ್ಚು ತೂಗಿಸಲಾಗದೆ ಹೆಂಡತಿ ತೆಹ್ಮೀನಾ ಜೊತೆ ಕಿಹಿಮ್‌ನ ಮನೆಗೆ ಬಂದರು. ಹತ್ತಿರದಲ್ಲೇ ಗೀಜಗಗಳು ಗೂಡು ಹೆಣೆಯುತ್ತಿದ್ದವು. ಕೆಲಸವಿಲ್ಲದ ಮನುಷ್ಯನಿಗೆ ದಿನವಿಡೀ ಕೂತು ನೋಡಲು ಯಾರ ಅಡ್ಡಿ? ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಗೆ ಕೂತ ಮೇಲೆ ಗಂಡು ಇನ್ನೊಂದು ಗೂಡು, ಇನ್ನೊಂದು ಹೆಣ್ಣು ಹುಡುಕುತ್ತದೆ. 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಆ ಬರಹ ಅವರಿಗೆ ಹೆಸರು ತಂದಿತು. ಸಂಬಳ ನಿಂತದ್ದರಿಂದ ನಮಗೆ ಸಿಕ್ಕಿದ ವಿಜ್ಞಾನವಿದು.

ಮುಂಬಯಿಯ ಹಂಗಿಲ್ಲದ ಹಳೆಯ ಕುರುಹುಗಳೂ ಈ ದಡದಲ್ಲಿವೆ. ಥಳ್ ಎಂಬಲ್ಲಿ ನಿಂತರೆ ಎದುರಿಗೆ ಖಾಂದೇರಿ, ಉಂದೇರಿ ಎಂಬ ಎರಡು ನಡುಗಡ್ಡೆ ಕೋಟೆಗಳು. ಅದು ಮರಾಠರ, ಸಿದ್ದಿಗಳ, ಇಂಗ್ಲಿಷರ ಹಳೆಯ ಜಗಳ, ದಾಟಿಕೊಂಡು ಹೋಗೋಣ. ಅಲಿಬಾಗ್‌ನ ಕುಲಾಬಾ ಕೋಟೆಗೆ ಮಾತ್ರ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬೇಕು. ನೀರು ಹಿಂದೆ ಸರಿದಾಗ ಗಟ್ಟಿ ಮರಳಿನ ಮೇಲೆ ಸಣ್ಣ ಸಣ್ಣ ಏರಿಗಳು ಮೂಡಿರುತ್ತವೆ, ಕುದುರೆಗಾಡಿಯ ಗಾಲಿ ಅವುಗಳ ಮೇಲೆ ಕಟಕಟ ಎನ್ನುತ್ತ ಸಾಗುತ್ತದೆ, ಕಾಲಡಿ ಪಾಚಿ ಹಿಡಿದ ಬಂಡೆ ಜಾರುತ್ತದೆ. ಶಿವಾಜಿಯ ಕೊನೆಗಾಲದಲ್ಲಿ ಎದ್ದ ಈ ಕೋಟೆಯಿಂದ ಮರಾಠರ ನೌಕಾಪತಿ ಕಾನ್ಹೋಜಿ ಆಂಗ್ರೆ ಕಡಲಾಳಿದರು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಂದಾಗಿ ಬಂದು ಇದನ್ನು ಗೆಲ್ಲಲಾಗದೆ ಹೋದರು. ಸುತ್ತ ಉಪ್ಪುನೀರಿದ್ದರೂ ಒಳಗಿನ ಬಾವಿಯಲ್ಲಿ ಸಿಹಿನೀರಿದೆ. ಉತ್ತರದ ಗೋಡೆಯ ಮೇಲೆ ಗಾಲಿಯ ಮೇಲೆ ಕೂತ ಎರಡು ಇಂಗ್ಲಿಷ್ ಫಿರಂಗಿಗಳಿವೆ. ಜನ ಅವುಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟೊಂದು ಕಬ್ಬಿಣಕ್ಕೆ ಎದುರಾಗಿ, ಒಂದು ಮೊಳೆಗೂ ಹೆದರುವ ಮನೆ ದಡದ ಮೇಲಿದೆ. ಅದಕ್ಕೆ ಬೆನ್ನು ಮಾಡಿಯೇ ಎಲ್ಲರೂ ಕ್ಯಾಮರಾ ನೋಡುತ್ತಾರೆ.

ದಕ್ಷಿಣಕ್ಕೆ ಅಕ್ಷಿ. ಇಲ್ಲಿನ ಶಿಲಾಶಾಸನವನ್ನು ಶಕ 934, ಅಂದರೆ ಕ್ರಿ.ಶ. 1012 ಎಂದು ಓದಿದ ವಿದ್ವಾಂಸರು ಇದೇ ಮರಾಠಿಯ ಮೊದಲ ಶಾಸನ ಎನ್ನುತ್ತಾರೆ. ಬಹುಕಾಲ ಆ ಪಟ್ಟ ಇದ್ದದ್ದು ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಸಾಲಿಗೆ. ಆ ಸಾಲು ಚಾವುಂಡರಾಯನ ಕಾಲದ್ದೋ, ಗಂಗರಾಜ ಸುತ್ತಾಲಯ ಕಟ್ಟಿಸಿದ ಹನ್ನೆರಡನೆಯ ಶತಮಾನದ್ದೋ ಎಂಬ ತಕರಾರಿನ ಮೇಲೆ ಅಕ್ಷಿಯ ಹಕ್ಕು ನಿಂತಿದೆ. ಬೆಳಗೊಳದ ಸಾಲಿಗೆ ಲಕ್ಷಾಂತರ ಜನ ಕೈಮುಗಿಯುತ್ತಾರೆ. ಅಕ್ಷಿಯ ಕಲ್ಲು ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ಮಳೆ-ಬಿಸಿಲಿಗೆ ಬಿದ್ದಿತ್ತು, ಬೀಚಿಗೆ ಹೋಗುವ ಕಾರುಗಳು ಅದರ ಪಕ್ಕದಲ್ಲೇ ಧೂಳೆಬ್ಬಿಸುತ್ತಿದ್ದವು.

ಇನ್ನೂ ಮುಂದೆ ಹೋದರೆ ರೇವದಂಡಾ, ಹಳೆಯ ಚೌಲ್ ಬಂದರು. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಇಲ್ಲಿ ಇಳಿದ. ಬಂಡವಾಳವೆಂದರೆ ಮಾರಲು ತಂದ ಒಂದು ಕುದುರೆ. ಜುನ್ನರಿನ ಖಾನ ಅದನ್ನು ಕಿತ್ತುಕೊಂಡು ಮತ ಬದಲಾಯಿಸು ಎಂದು ಪೀಡಿಸಿದ. ಖೊರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿದ ಮೇಲೆ ಆತ ಬೀದರಿಗೆ ನಡೆದು ಅಲ್ಲಿ ಕುದುರೆ ಮಾರಿದ. ಮಹಮೂದ್ ಗವಾನನ ಕಾಲದ ಬೀದರಿನ ಬಗ್ಗೆ ಕಣ್ಣಾರೆ ಕಂಡು ಬರೆದ ಪರದೇಶಿಗಳಲ್ಲಿ ಅವನದು ಮುಖ್ಯ ಹೆಸರು. ರೇವದಂಡಾದ ಶಾಲೆಯೊಂದರ ಆವರಣದಲ್ಲಿ ಅವನ ಸ್ಮಾರಕಸ್ತಂಭವಿದೆ. ಬೀದರಿನ ಕೋಟೆ ನೋಡಿದ ಕನ್ನಡಿಗರು ಈ ದಡಕ್ಕೆ ಬಂದರೆ ಸ್ತಂಭದ ಬಳಿ ಐದು ನಿಮಿಷ ಕಳೆಯಬೇಕು.

ಈಗ ಅಲಿಬಾಗ್ ದೂರದ ಊರಾಗಿ ಉಳಿದಿಲ್ಲ. 2020ರಿಂದ ಕಾರನ್ನೇ ಹಡಗಿಗೆ ಏರಿಸಿ ಒಂದು ಗಂಟೆಯಲ್ಲಿ ಅಲಿಬಾಗ್ ಬಳಿಯ ಮಾಂಡ್ವಾದಲ್ಲಿ ಇಳಿಯಬಹುದು. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದ ಮೇಲೆ ರಸ್ತೆಯ ದಾರಿಯೂ ಹತ್ತಿರವಾಯಿತು. ತೆಂಗು, ಅಡಿಕೆ ತೋಟಗಳಿದ್ದಲ್ಲಿ ಎತ್ತರದ ಕಾಂಪೌಂಡುಗಳೆದ್ದಿವೆ. ಶನಿವಾರ ಮಧ್ಯಾಹ್ನ ಬೀಚಿನ ದಾರಿಯಲ್ಲಿ ನಿಂತರೆ ನಗರದಿಂದ ತಪ್ಪಿಸಿಕೊಂಡು ಬಂದವರ ಹಾರ್ನಿನಲ್ಲಿ ಅಲೆಯ ಸದ್ದೇ ಕೇಳುವುದಿಲ್ಲ. ರೆಸಾರ್ಟಿನ ಜಾಹೀರಾತುಗಳು ಮಾರುವುದು ನೆಮ್ಮದಿಯನ್ನೇ. ಮಾರುವ ಸರಕು ಮಾರುವ ಭರದಲ್ಲೇ ಖಾಲಿಯಾಗುತ್ತಿದೆ ಎಂಬ ಲೆಕ್ಕ ಮಾತ್ರ ಯಾರಿಗೂ ಬೇಕಾದಂತಿಲ್ಲ.

ಜನ ಬರಬಾರದು ಎನ್ನುವಷ್ಟು ದೊಡ್ಡತನ ನನಗಿಲ್ಲ, ನಾನೂ ಬಂದವನೇ. ನನ್ನ ಸಿಟ್ಟು ಬೇರೆ. ನೂರಿಪ್ಪತ್ತು ವರ್ಷಗಳ ಹಿಂದೆ, ಪ್ಲೇಗಿನ ಹೊಡೆತ ತಿಂದ ನಗರದಲ್ಲಿ, ಪರಕೀಯರ ಸರಕಾರದಡಿ, ಟ್ರಾಮು ಓಡುವ ಮೊದಲು ಒಂದು ಸೂಜಿಗೆ ಏನಾದೀತು ಎಂದು ಯೋಚಿಸುವ ವ್ಯವಧಾನವಿತ್ತು. ಜಾಗ ಹುಡುಕಿದರು, ಕಲ್ಲು ಆರಿಸಿದರು, ಎರಡು ವರ್ಷ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿದರು. ಆಮೇಲೆಯೇ ಹಳಿಗೆ ವಿದ್ಯುತ್ತು ಬಿಟ್ಟರು. ಅಕ್ಷಿಯ ಕಲ್ಲಿಗಾಗಲಿ, ಗೀಜಗಗಳ ಕಿಹಿಮ್‌ಗಾಗಲಿ ಅಂಥ ಗಡುವನ್ನು ಯಾರೂ ಕೊಟ್ಟದ್ದು ಕಾಣೆ. ಅಭಿವೃದ್ಧಿ ಮತ್ತು ಸಂರಕ್ಷಣೆ ಎರಡೂ ಸಾಧ್ಯ ಎನ್ನುವುದಕ್ಕೆ ಪುರಾವೆ ಬೇಕಾದವರು ಯೋಜನಾ ವರದಿಗಳನ್ನು ಬದಿಗಿಟ್ಟು ಮೂಸ್ ಅವರ ಅಂಕಿಗಳ ಸರಣಿ ನೋಡಲಿ. ನಗರವೊಂದು ಮುನ್ನುಗ್ಗುವ ಗಡಿಬಿಡಿಯಲ್ಲೂ ಅದರ ಒಂದು ಎಳೆಯೂ ಕಡಿಯಲಿಲ್ಲ.