ಹಾವಿಗಿಂತ ಮೊದಲು ಹಾವಿನ ಮನೆ

ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಕ್ಕಳು ನಾಯಿಗಾಗಿಯೋ ಬೆಕ್ಕಿಗಾಗಿಯೋ ಹಟ ಹಿಡಿದರೆ ಅಪ್ಪ ಅಮ್ಮ ಹೇಗೋ ಒಪ್ಪಿಬಿಡುತ್ತಾರೆ. ಹಾವು ಬೇಕೆಂದರೆ ಮಾತ್ರ ಊರಿನಲ್ಲಿರುವ ಅಜ್ಜಿಯವರೆಗೂ ಸುದ್ದಿ ಹೋಗುತ್ತದೆ. ಅಮೆರಿಕದಲ್ಲಿ ಅದು ವಿಚಿತ್ರವಾದ ಆಸೆಯೇನಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಹ್ಯಾಮ್‌ಸ್ಟರ್‌ಗಳ ಪಕ್ಕದ ಗಾಜಿನ ಪೆಟ್ಟಿಗೆಯಲ್ಲೇ ಹಾವಿನ ಮರಿಗಳೂ ಮಾರಾಟಕ್ಕಿರುತ್ತವೆ. ಹಾವು ಕಂಡೊಡನೆ ದೊಣ್ಣೆ ಹುಡುಕುವವರ ನಡುವೆ, ಅದು ಉಸಿರಾಡುವುದನ್ನು ನೋಡುತ್ತ ಕೂರಬಯಸುವ ಮಗು ನನಗೆ ತುಂಬ ಇಷ್ಟ. ಆದರೆ ಹಾವು ಮನೆಗೆ ಬರುವ ಮುನ್ನ ದೊಡ್ಡವರು ಕೂತು ಮಾತಾಡಲೇಬೇಕಾದ ಸಂಗತಿಗಳಿವೆ. ಎಲ್ಲಕ್ಕಿಂತ ಮೊದಲನೆಯದು ಇಲಿ.

ಹಾವಿಗೆ ಸಸ್ಯಾಹಾರ ಎಂಬುದಿಲ್ಲ. ಹಾಲು ಅದರ ಆಹಾರವೇ ಅಲ್ಲ. ಸಾಕುಹಾವುಗಳಿಗೆಂದೇ ಬೆಳೆಸಿ, ಕೊಂದು, ಹೆಪ್ಪುಗಟ್ಟಿಸಿದ ಇಲಿಗಳು ಪ್ಯಾಕೆಟ್‌ನಲ್ಲಿ ಸಿಗುತ್ತವೆ. ಕೂದಲು ಮೂಡದ ಗುಲಾಬಿ ಮರಿಯಿಂದ ಹಿಡಿದು ಪೂರ್ತಿ ಬೆಳೆದ ಇಲಿಯವರೆಗೆ ಎಲ್ಲ ಅಳತೆಯವೂ ಇವೆ. ಹಾವಿನ ಮೈಯ ಅತಿ ದಪ್ಪನೆಯ ಭಾಗ ಎಷ್ಟಿದೆಯೋ ಇಲಿಯೂ ಸುಮಾರು ಅಷ್ಟೇ ದಪ್ಪವಿರಬೇಕು. ಅದನ್ನು ಕರಗಿಸಿ, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡಬೇಕು. ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಮೂಲೆಗೆ ಸಿಕ್ಕ ಇಲಿ ಹಾವನ್ನೇ ಕಚ್ಚಿ ಗಾಯ ಮಾಡಬಲ್ಲದು, ಇಲಿಗೂ ಅದು ಹಿಂಸೆ. ತೆಂಗಿನತುರಿ, ಬಟಾಣಿ ಇಟ್ಟಿರುವ ಫ್ರೀಜರ್‌ನಲ್ಲಿ ಇಲಿಯ ಪ್ಯಾಕೆಟ್ ಇಡಲು ಮನೆಯವರು ಒಪ್ಪದಿದ್ದರೆ ಸಣ್ಣದೊಂದು ಬೇರೆ ಫ್ರೀಜರ್ ಕೊಳ್ಳಬಹುದು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕಿನ ದೃಷ್ಟಿಯಿಂದಲೂ ಅದು ಒಳ್ಳೆಯದೇ. ಇಲಿ ಮನೆಯೊಳಗೆ ಬರುವುದೇ ಬೇಡ ಎನ್ನುವವರು ಹಾವನ್ನು ಸಾಕಬಾರದು. ಇದಕ್ಕೆ ಅಡ್ಡದಾರಿ ಇಲ್ಲ.

ಇಷ್ಟಕ್ಕೆ ಒಪ್ಪಿದವರಿಗೆ ನನ್ನ ಸಲಹೆ ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ರಾಜ್ಯಗಳ ಹಾವು ಇದು. ವಿಷವಿಲ್ಲ. ಇಲಿಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ನಮ್ಮ ಕೇರೆ ಹಾವಿನ ಕುಟುಂಬದ್ದೇ. ಕಿತ್ತಳೆ ಮೈ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳಿರುತ್ತವೆ. ಹೊಟ್ಟೆಯ ಭಾಗದಲ್ಲಿ ಕಪ್ಪು-ಬಿಳಿ ಚೌಕುಳಿ. ಬೆಳೆದರೆ 3ರಿಂದ 5 ಅಡಿ. ಮರಿಯಿದ್ದಾಗ ವಾರಕ್ಕೊಮ್ಮೆ, ದೊಡ್ಡದಾದ ಮೇಲೆ ಹತ್ತು-ಹದಿನಾಲ್ಕು ದಿನಕ್ಕೊಮ್ಮೆ ಉಂಡರೆ ಸಾಕು. ಅಂಗಡಿಯವರು ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನನ್ನೂ ತೋರಿಸುತ್ತಾರೆ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಆ ಸಾಧು ಹೆಬ್ಬಾವು ನೋಡಲು ಮುದ್ದೇ. ಆದರೆ ಕೆಲವೊಮ್ಮೆ ತಿಂಗಳುಗಟ್ಟಲೆ ಊಟ ಬಿಟ್ಟು ಕೂರುತ್ತದೆ, ಹೊಸಬರ ನಿದ್ದೆ ಕೆಡಿಸುತ್ತದೆ. ಅದರಲ್ಲೂ ‘ಸ್ಪೈಡರ್’ ಎಂಬ ಬಣ್ಣದ ತಳಿ ಬೇಡವೇ ಬೇಡ. ಆ ಬಣ್ಣದ ಜೊತೆಗೇ ನರದೋಷವೂ ಬಂದಿರುತ್ತದೆ. ತಲೆ ಓಲಾಡುತ್ತಿರುತ್ತದೆ, ಇಲಿಗೆ ಗುರಿಯಿಟ್ಟರೆ ತಪ್ಪುತ್ತದೆ. ಚೆಲುವಿಗಾಗಿ ಜೀವವೊಂದನ್ನು ಹೀಗೆ ಹುಟ್ಟಿಸುವುದು ಅನ್ಯಾಯ.

ಇನ್ನು ಮನೆ. ಹಾವು ತರುವುದಕ್ಕೆ ವಾರ ಮೊದಲೇ ಅದು ಸಿದ್ಧವಾಗಿ, ಬಿಸಿ ಹದಕ್ಕೆ ಬಂದಿರಬೇಕು. ಮರಿಗೆ ಸಣ್ಣ ಟ್ಯಾಂಕ್ ನಡೆಯುತ್ತದೆ. ಬೆಳೆದ ಹಾವಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ಪೆಟ್ಟಿಗೆ ಬೇಕು, ಹಾವು ಪೂರ್ತಿ ಮೈ ಚಾಚುವಂತಿರಬೇಕು. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಆದ್ದರಿಂದ ಪೆಟ್ಟಿಗೆಯ ಒಂದು ಕಡೆ 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಕಡೆ 22ರಿಂದ 24 ಇರಬೇಕು. ಉಂಡದ್ದು ಅರಗಬೇಕಾದಾಗ ಬಿಸಿಯ ಕಡೆ ಹೋಗುತ್ತದೆ, ಸಾಕೆನಿಸಿದಾಗ ಈಚೆ ಬರುತ್ತದೆ. ಎರಡೂ ಕಡೆ ಮೈ ಒತ್ತಿಕೊಂಡು ಅಡಗುವಂಥ ಗೂಡು ಇರಲಿ. ಒಂದೇ ಗೂಡಿದ್ದರೆ ಹಾವು ಬಿಸಿಯನ್ನು ಬಿಟ್ಟು ಅಡಗುತಾಣವನ್ನೇ ಆರಿಸಿಕೊಳ್ಳುತ್ತದೆ, ತಣ್ಣಗಿದ್ದು ಕಾಯಿಲೆ ಬೀಳುತ್ತದೆ. ಹೀಟರ್‌ಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಅದನ್ನು ಹಚ್ಚಲೇಬೇಡಿ. ಬಿಸಿಯಾಗುವ ನಕಲಿ ಕಲ್ಲುಗಳಿಂದ ಹೊಟ್ಟೆ ಸುಟ್ಟುಕೊಂಡ ಹಾವುಗಳಿಗೆ ಲೆಕ್ಕವಿಲ್ಲ. ನೆಲಕ್ಕೆ ಆಸ್ಪೆನ್ ಮರದ ಹೊಟ್ಟು ಒಳ್ಳೆಯದು, ಸೀಡರ್ ಹೊಟ್ಟು ವಿಷ. ನೀರಿನ ಬಟ್ಟಲು ಮಗುಚದಷ್ಟು ಭಾರವಿರಲಿ. ಮುಚ್ಚಳಕ್ಕೆ ಬೀಗದಂಥ ಕ್ಲಿಪ್ ಬೇಕು. ಪೆನ್ಸಿಲ್ ಗಾತ್ರದ ಮರಿ, ತಲೆ ತೂರುವ ಸಂದಿ ಸಿಕ್ಕರೆ ಸಾಕು, ಹೊರಬೀಳುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಹಾವು. ಜೊತೆ ಬೇಕೆಂಬುದು ನಮ್ಮ ಕಲ್ಪನೆ, ಅದರದ್ದಲ್ಲ.

ಕೊಳ್ಳುವಾಗ ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಿದ ಹಾವುಗಳಿಗೇ ಹುಟ್ಟಿದ ಮರಿ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮ ಕಣ್ಣೆದುರೇ ಅದು ಇಲಿ ತಿನ್ನುವುದನ್ನು ತೋರಿಸಲು ಕೇಳಿ. ಉಸಿರಿನಲ್ಲಿ ಸಿಳ್ಳೆಯ ಸದ್ದು, ಬಾಯಲ್ಲಿ ಲೋಳೆ, ಹುರುಪೆಗಳ ಸಂದಿಯಲ್ಲಿ ಕಾಳುಮೆಣಸಿನ ಪುಡಿಯಂಥ ಕಪ್ಪು ನುಸಿಗಳು, ಇವುಗಳಲ್ಲಿ ಯಾವುದು ಕಂಡರೂ ಬಿಟ್ಟು ಬನ್ನಿ.

ಮನೆಗೆ ಬಂದ ಮೊದಲ ವಾರ ಮುಟ್ಟಬೇಡಿ. ಉಂಡ ಮೇಲೂ ಎರಡು ದಿನ ಎತ್ತಬಾರದು, ಎತ್ತಿದರೆ ಕಕ್ಕಿಬಿಡಬಹುದು. ಹಿಡಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. 5 ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬಾರದು. ಒಂದು ದಿನ ಅದರ ಬಣ್ಣ ಮಾಸಿ, ಕಣ್ಣು ಹಾಲು ಬೆರೆಸಿದ ನೀಲಿಗೆ ತಿರುಗುತ್ತದೆ. ಮಕ್ಕಳು ಗಾಬರಿಯಾಗುತ್ತಾರೆ. ಹಾವು ಪೊರೆ ಬಿಡಲು ಅಣಿಯಾಗಿದೆ, ಅಷ್ಟೆ. ಕೆಲದಿನ ಕಳೆದು ಕಣ್ಣು ಮತ್ತೆ ತಿಳಿಯಾಗುತ್ತದೆ, ಆಮೇಲೆ ತುಟಿಯನ್ನು ಒರಟು ಕಲ್ಲಿಗೆ ಉಜ್ಜಿ ಪೊರೆ ಬಿಡಿಸಿಕೊಂಡು, ಅದರೊಳಗಿಂದ ನಿಧಾನಕ್ಕೆ ಹರಿದು ಬರುತ್ತದೆ. ಒಳಮೈ ಹೊರಗಾದ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಪಾರದರ್ಶಕ ಬಿಲ್ಲೆಗಳಿರಬೇಕು. ಇಲ್ಲದಿದ್ದರೆ ಅವು ಹಾವಿನ ಕಣ್ಣಿಗೇ ಅಂಟಿವೆ ಎಂದರ್ಥ. ಕೀಳಲು ಹೋಗದೆ ವೈದ್ಯರಿಗೆ ತೋರಿಸಿ.

ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬಾಳುತ್ತದೆ. ಹತ್ತು ವರ್ಷದ ಮಗು ಕಾಲೇಜಿಗೆ ಹೋದ ಮೇಲೂ ಇಲಿ ಕರಗಿಸುವ ಕೆಲಸ ಅಮ್ಮನ ಪಾಲಿಗೆ ಉಳಿಯುತ್ತದೆ. ರಾಜ್ಯ ಬದಲಾದರೆ ಕಾನೂನೂ ಬದಲಾಗುತ್ತದೆ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಸ್ಥಳೀಯ ಕಾಡುಜೀವಿಯಾದ್ದರಿಂದ ಅದಕ್ಕೂ ನಿಷೇಧವಿದೆ. ಬೆಂಗಳೂರಿಗೆ ವಾಪಸಾಗುವವರು ನಾಯಿಯನ್ನು ಕರೆತಂದಂತೆ ಹಾವನ್ನು ತರಲಾಗದು. ಇಲ್ಲಿನ ಕೇರೆ, ನಾಗರ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗೆಂದು ಬೇಡವಾದ ಹಾವನ್ನು ಹೊರಗೆ ಬಿಡುವಂತೆಯೂ ಇಲ್ಲ. ಸಾಕಿದವರಿಂದ ತಪ್ಪಿಸಿಕೊಂಡ, ಅವರೇ ಬಿಟ್ಟುಬಂದ ಬರ್ಮೀಸ್ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಂತತಿ ಬೆಳೆಸಿ, ಅಲ್ಲಿನ ಮೊಲ, ರಕೂನ್‌ಗಳನ್ನು ಬಹುಪಾಲು ಖಾಲಿ ಮಾಡಿವೆ. ಅದಕ್ಕೇ, ಹಾವಿಗೆ ದುಡ್ಡು ಕೊಡುವ ಮುನ್ನವೇ ಎರಡು ಫೋನ್ ಮಾಡಿ. ಹತ್ತಿರದಲ್ಲಿ ಸರೀಸೃಪಗಳನ್ನು ನೋಡುವ ಪಶುವೈದ್ಯರು ಯಾರು ಎಂದು ಕೇಳಿಕೊಳ್ಳಿ, ಎಲ್ಲರೂ ನೋಡುವುದಿಲ್ಲ. ಮತ್ತು ಸಾಕಲಾಗದ ದಿನ ಬಂದರೆ ಹಾವನ್ನು ತೆಗೆದುಕೊಂಡು ಬೇರೆ ಮನೆ ಹುಡುಕಿಕೊಡುವ ಸರೀಸೃಪ ಸಂಘ ನಿಮ್ಮ ಊರಿನಲ್ಲಿದೆಯೇ ಎಂದೂ ಕೇಳಿ.